ಹೋಗುವಾಗ ಹದಿನಾಲ್ಕು, ಬರುವಾಗಲೂ ಹದಿನಾಲ್ಕು

ಬೇಸಿಗೆ ರಜೆ ಬಂತೆಂದರೆ ರಾಂಪುರದ ನಮ್ಮ ಮನೆಗೆ ಮೊಮ್ಮಕ್ಕಳ ಸವಾರಿ ಬರುತ್ತದೆ. ಎರಡು ದಿನ ಮಾವಿನಹಣ್ಣು, ಮೂರನೆಯ ದಿನ ‘ತಾತ, ಬೇಜಾರು’ ಎಂಬ ರಾಗ. ಆಗ ನಾನು ಗೂಟಕ್ಕೆ ನೇತುಹಾಕಿದ ಖಾಕಿ ಹೆಗಲಚೀಲವನ್ನು ಕೆಳಗಿಳಿಸುತ್ತೇನೆ. ಅದನ್ನು ಕಂಡರೆ ಸಾಕು, ಮಕ್ಕಳು ಚಪ್ಪಲಿ ಹುಡುಕತೊಡಗುತ್ತಾರೆ. ಚೀಲ ಇಳಿಯಿತೆಂದರೆ ಯಾವುದೋ ಕಸುಬಿನ ಮನೆಗೆ ಹೊರಟೆವೆಂದೇ ಅರ್ಥ. ಮೊಳಕಾಲ್ಮೂರಿನ ರೇಷ್ಮೆ ಮಗ್ಗ, ಚಳ್ಳಕೆರೆ ಕಡೆಯ ಕಂಬಳಿ ಮಗ್ಗ, ಕಮ್ಮಾರರ ಕುಲುಮೆ, ಸೈಕಲ್ ಶಾಪು, ಹೀಗೆ ಯಾವುದಾದರೂ ಆಗಬಹುದು.

ಬ್ಯಾಂಕಿನಲ್ಲಿ ಹಗಲೆಲ್ಲ ಲೆಡ್ಜರ್ ಬರೆದ ಕೈಗೆ ಸಂಜೆ ಗಡಿಯಾರ, ರೇಡಿಯೊ ಬಿಚ್ಚುವ ಚಟ ಅಂಟಿಕೊಂಡಿತ್ತು. ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂದು ನೋಡುವ ಆಸೆ ಈ ವಯಸ್ಸಿಗೂ ಹೋಗಿಲ್ಲ. ಆದರೆ ನೋಡಲು ಹೋಗುವುದಕ್ಕೂ ಒಂದು ತಯಾರಿ ಬೇಕೆಂದು ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ.

ಮೂವತ್ತು ವರ್ಷಗಳ ಹಿಂದಿನ ಮಾತು. ನೇಕಾರರೊಬ್ಬರ ಮನೆಗೆ ಮಗ್ಗ ನೋಡಲು ಹೋಗಿದ್ದೆ. ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದೆ, ದೊಡ್ಡ ಮೆಕ್ಯಾನಿಕ್‌ನ ಹಾಗೆ! ನೇಯ್ಗೆಯನ್ನು ಹತ್ತಿರದಿಂದ ನೋಡೋಣವೆಂದು ಬಗ್ಗಿದೆ. ಅದು ಜಾರಿ, ಬಿಗಿದು ಹಿಡಿದಿದ್ದ ಹಾಸಿನ ಮೇಲೆ ಬಿತ್ತು. ಪಟಪಟನೆ ಒಂದಷ್ಟು ಎಳೆಗಳು ತುಂಡಾದವು.

ಬಟ್ಟೆಯ ಉದ್ದಕ್ಕೆ ಇರುವ ಎಳೆಗೆ ಹಾಸು, ಅಡ್ಡಕ್ಕೆ ಬರುವ ಎಳೆಗೆ ಹೊಕ್ಕು ಎನ್ನುತ್ತಾರೆ. ಹಾಸಿನ ಎಳೆ ಹರಿದರೆ ಅದೇ ಬಣ್ಣದ ತುಂಡು ರೇಷ್ಮೆಯನ್ನು ಸೇರಿಸಿ ಗಂಟು ಹಾಕಬೇಕು. ಆಮೇಲೆ ಆ ಎಳೆಯನ್ನು ಅದರದೇ ಕುಣಿಕೆಯಲ್ಲಿ, ಹಣಿಗೆಯ ಅದರದೇ ಸಂದಿನಲ್ಲಿ ತೂರಿಸಬೇಕು. ಒಂದು ಎಳೆ ಪಕ್ಕದ ಸಂದಿಗೆ ಹೋದರೂ ಬಟ್ಟೆಯಲ್ಲಿ ಗೆರೆ ಮೂಡುತ್ತದೆ. ನೇಕಾರರು ನನ್ನನ್ನು ಬೈಯಲಿಲ್ಲ. ಮಗಳನ್ನು ಕರೆದರು. ಇಬ್ಬರೂ ಕೂತು ಒಂದೊಂದೇ ಎಳೆಯನ್ನು ಕಟ್ಟಿದರು. ಅರ್ಧ ದಿನ ಲಾಳಿ ಓಡಲಿಲ್ಲ. ಸೀರೆಗೆ ಇಷ್ಟು ಎಂದು ಕೂಲಿ ಪಡೆಯುವವರಿಗೆ ಮಗ್ಗ ನಿಂತರೆ ಸಂಪಾದನೆಯೂ ನಿಂತಂತೆ. ದುಡ್ಡು ಕೊಡಲು ಹೋದೆ. ‘ಇರಲಿ ಬಿಡಿ ಸಾರ್, ಬೇಕೂಂತ ಮಾಡಿದ್ರಾ’ ಎಂದು ಕೈ ಆಡಿಸಿಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಮರುದಿನವೇ ಈ ಚೀಲ ಸಿದ್ಧವಾಯಿತು. ಅಂಗಿಯ ಜೇಬು ಖಾಲಿ, ಇರುವುದೆಲ್ಲ ಚೀಲದೊಳಗೆ. ಮುಚ್ಚಳದ ಒಳಬದಿಗೆ ಒಂದು ಪಟ್ಟಿ ಅಂಟಿಸಿದ್ದೇನೆ. ಅದರಲ್ಲಿ 14 ಸಾಮಾನುಗಳಿವೆ.

ಮೊದಲ ಎರಡು ನೋಟ್‌ಬುಕ್ಕು ಮತ್ತು ಪೆನ್ಸಿಲ್. ಪೆನ್ನು ಬೇಡ, ಒಂದು ತೊಟ್ಟು ಇಂಕು ಬಿದ್ದರೆ ರೇಷ್ಮೆ ಹಾಳು. ಮೂರನೆಯದು ಅಳತೆಯ ಟೇಪು, ನಾಲ್ಕನೆಯದು ಆರಿಂಚಿನ ಉಕ್ಕಿನ ಸ್ಕೇಲು. ಕಣ್ಣಂದಾಜಿನಲ್ಲಿ ನೋಡಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ, ಅಳೆದು ಬರೆದದ್ದು ಉಳಿಯುತ್ತದೆ.

ಐದನೆಯದು ಭೂತಗನ್ನಡಿ. ಮುಗಿದ ಬಟ್ಟೆಯ ಮೇಲೆ ಸ್ಕೇಲು ಇಟ್ಟು, ಭೂತಗನ್ನಡಿಯಲ್ಲಿ ಒಂದು ಇಂಚಿಗೆ ಎಷ್ಟು ಎಳೆ ಎಂದು ಎಣಿಸಬಹುದು. ಬಟ್ಟೆ ಎಷ್ಟು ಒತ್ತಾಗಿದೆ ಎಂಬುದನ್ನು ಜವಳಿ ವ್ಯಾಪಾರಿಗಳೂ ಹೀಗೇ ನೋಡುತ್ತಾರೆ. ನಮ್ಮ ಮನೆಯಲ್ಲಿ ಇದೊಂದು ಆಟ. ತಾತನ ಪಂಚೆ, ಅಜ್ಜಿಯ ಸೀರೆ, ಶಾಲೆಯ ಅಂಗಿ, ಯಾವುದರಲ್ಲಿ ಎಳೆ ಹೆಚ್ಚು?

ಆರನೆಯದು ಟಾರ್ಚು. ಗುಂಡಿ ಮಗ್ಗದಲ್ಲಿ ನೇಕಾರರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡುತ್ತಾರೆ. ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡುವ ತುಳಿಗೋಲುಗಳು ಆ ಕತ್ತಲಲ್ಲಿರುತ್ತವೆ. ಬೆಳಕು ಬಿಟ್ಟು ನೋಡಿದರೆ ಮಗ್ಗದ ಅರ್ಧ ಗುಟ್ಟು ತಿಳಿಯುತ್ತದೆ.

ಟಾರ್ಚನ್ನು ಮೇಲಕ್ಕೂ ತಿರುಗಿಸಿ. ಬುಟ್ಟಾ, ಸೆರಗಿನ ಚಿತ್ತಾರ ನೇಯುವ ಮಗ್ಗಗಳ ಮೇಲೆ ಜಕಾರ್ಡ್ ಎಂಬ ಯಂತ್ರ ಇರುತ್ತದೆ. ಅದರಲ್ಲಿ ತೂತು ಹೊಡೆದ ರಟ್ಟುಗಳ ಸರಮಾಲೆ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಇದನ್ನು ರೂಪಿಸಿದ್ದು 1804ರ ಸುಮಾರಿಗೆ. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರಕ್ಕೂ ಇಂಥ ರಟ್ಟುಗಳನ್ನೇ ಬಳಸಲು ಯೋಜಿಸಿದರು. ಮಕ್ಕಳೇ, ನಿಮ್ಮ ಕಂಪ್ಯೂಟರಿನ ಮುತ್ತಜ್ಜ ಮಗ್ಗದ ಮೇಲೆ ಕೂತಿದ್ದಾನೆ!

ಏಳು ಮತ್ತು ಎಂಟು ದೊಡ್ಡದೊಂದು, ಚಿಕ್ಕದೊಂದು ಸ್ಕ್ರೂಡ್ರೈವರ್. ಒಂಬತ್ತು ಕಟಿಂಗ್ ಪ್ಲೇಯರ್. ಯಾರಾದರೂ ಕೇಳಿದರೆ ಮಾತ್ರ ಇವು ಹೊರಗೆ ಬರುತ್ತವೆ. ಹತ್ತನೆಯದು ದಾರ ಕಟ್ಟಿದ ಅಯಸ್ಕಾಂತ, ಸಂದಿಗೆ ಬಿದ್ದ ಕಬ್ಬಿಣದ ಸ್ಕ್ರೂ ಎತ್ತಲು. ಹಿತ್ತಾಳೆಯದನ್ನು ಅದು ಹಿಡಿಯುವುದಿಲ್ಲ ಎಂಬುದೂ ಒಂದು ಪಾಠವೇ. ಹನ್ನೊಂದು, ಬಿಚ್ಚಿದ ಸ್ಕ್ರೂಗಳನ್ನು ಹಾಕಿಡಲು ಖಾಲಿ ಡಬ್ಬಿ. ಹನ್ನೆರಡು, ಕೈ ಒರೆಸಲು ಬಿಳಿ ಬಟ್ಟೆ. ಬೆವರಿನ ಕೈಯಲ್ಲಿ ಜರಿ, ರೇಷ್ಮೆ ಮುಟ್ಟಬಾರದು. ಹದಿಮೂರು ಗಾಯದ ಪಟ್ಟಿ, ಹದಿನಾಲ್ಕು ನೀರಿನ ಬಾಟಲಿ.

ಮಗ್ಗದ ಮನೆಗೆ ಎಣ್ಣೆಯ ಡಬ್ಬಿ ಒಯ್ಯುವುದಿಲ್ಲ. ಕೇಳದೆ ಫೋಟೊವನ್ನೂ ತೆಗೆಯುವುದಿಲ್ಲ. ಅಂಚಿನ ವಿನ್ಯಾಸ ಅವರ ಅನ್ನ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇರುವುದೂ ಆ ಕೈಕೆಲಸದಿಂದಲೇ.

ಜಾಗ ಬದಲಾದರೆ ರೀತಿಯೂ ಬದಲಾಗುತ್ತದೆ. ಕುಲುಮೆಗೆ ಹೋಗುವಾಗ ಮಕ್ಕಳಿಗೆ ಹತ್ತಿ ಬಟ್ಟೆ, ಕಾಲು ಮುಚ್ಚುವ ಬೂಟು. ನೈಲಾನ್ ಬಟ್ಟೆಗೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ತಿರುಗುವ ಯಂತ್ರದ ಹತ್ತಿರ ಇಳಿಬಿದ್ದ ದುಪಟ್ಟಾ, ಬಿಚ್ಚುಗೂದಲು ಬೇಡ. ಕಂಬಳಿ ನೇಯುವಲ್ಲಿ ಉಣ್ಣೆಯ ಹಾಸನ್ನು ಬಯಲಿನಲ್ಲಿ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಒಣಗಿಸುತ್ತಾರೆ. ಎಳೆ ಗಟ್ಟಿಯಾಗಲು ಈ ಉಪಾಯ. ಅದನ್ನು ದಾಟಿ ಹೋಗದೆ ಸುತ್ತಿಕೊಂಡು ಹೋಗುವುದು ಮರ್ಯಾದೆ.

ನನ್ನಂಥ ಚಟದವರು ಎಲ್ಲ ಕಡೆಯೂ ಇದ್ದಾರೆ. 2009ರಲ್ಲಿ ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡಾಮಿನಲ್ಲಿ ‘ರಿಪೇರಿ ಕೆಫೆ’ ಎಂಬ ಕೂಟ ಶುರುವಾಯಿತು. ಹವ್ಯಾಸಿಗಳು ತಮ್ಮ ಸಾಮಾನಿನ ಚೀಲ ಹಿಡಿದು ಬಂದು ಕೂರುತ್ತಾರೆ. ಜನ ಕೆಟ್ಟ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹರಿದ ಬಟ್ಟೆ ತರುತ್ತಾರೆ. ಇಬ್ಬರೂ ಸೇರಿ ಸರಿಮಾಡುತ್ತಾರೆ. 2015ರಿಂದ ಬೆಂಗಳೂರಿನಲ್ಲೂ ಇಂಥ ಕೂಟಗಳು ನಡೆದಿವೆ. ಕೆಲಸ ಗೊತ್ತಿರುವ ನಿವೃತ್ತರಿಗೆ ಇದಕ್ಕಿಂತ ಒಳ್ಳೆಯ ಹೊತ್ತುಗಳೆಯುವಿಕೆ ಬೇರೇನಿದೆ?

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗುವಾಗ ಮಾತ್ರ ಸ್ಕ್ರೂಡ್ರೈವರ್, ಪ್ಲೇಯರ್ ಮನೆಯಲ್ಲೇ ಇರುತ್ತವೆ. ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಜಾಗ ಅದು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದಾಗ, ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು ಸಿಕ್ಕವು. ಅವು ನಮ್ಮೂರ ಕಡೆಯ ಬಹಳ ಹಳೆಯ ಹತಾರಗಳು! ಶಾಸನ ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಬರೆದಿದ್ದಾನೆ. ಕೊನೆಯಲ್ಲಿ ಲಿಪಿಕಾರ ಎಂಬುದನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ‘ಅವನ ಚೀಲದಲ್ಲಿ ಏನೇನಿತ್ತು ತಾತ?’ ಎಂದು ಮೊಮ್ಮಗ ಕೇಳಿದ. ನಾನೂ ಅದನ್ನೇ ಯೋಚಿಸುತ್ತಿದ್ದೆ. ಅಲ್ಲಿ ಮಡಕೆಯ ಚೂರು ಕಂಡರೂ ನಾವು ಎತ್ತಿಕೊಳ್ಳುವುದಿಲ್ಲ. ನೋಡಿ, ಬರೆದುಕೊಂಡು, ಅಲ್ಲೇ ಬಿಟ್ಟು ಬರುತ್ತೇವೆ.

ಎಲ್ಲಿಗೇ ಹೋದರೂ ಹೊರಡುವ ಮುಂಚೆ ಎಣಿಕೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಕಡಿಮೆ ಬಂದರೆ ಕಷ್ಟ. ಹೆಚ್ಚು ಬಂದರೂ ಕಷ್ಟವೇ, ಏಕೆಂದರೆ ಅದು ಬೇರೆ ಯಾರದೋ ದುಡ್ಡು.

ಕಳೆದ ಬೇಸಿಗೆಯಲ್ಲಿ ಮಗ್ಗದ ಮನೆಯೊಂದರಿಂದ ಹೊರಟಾಗ ಬಸ್ಸಿನ ಅವಸರದಲ್ಲಿ ನಾನು ಎಣಿಸಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಮೊಮ್ಮಗಳು ಎಣಿಸಿದಳು.

‘ತಾತ, ಹದಿನೈದು!’

ನೋಡಿದರೆ ಬಿಳಿ ಬಟ್ಟೆಯ ಮಡಿಕೆಯಲ್ಲಿ ನೇಕಾರರ ಪುಟ್ಟ ಚಿಮಟ. ಎಳೆಯ ಗಂಟು, ಕಸ ತೆಗೆಯಲು ಅವರು ಬಳಸುವಂಥದ್ದು. ಅಷ್ಟರಲ್ಲಿ ನಮ್ಮ ಬಸ್ಸು ಬಂತು. ‘ನಾಳೆ ಕೊಟ್ಟರಾಯಿತು’ ಎಂದು ನಾನೇ ಅಂದೆ, ವಯಸ್ಸಾದ ಕಾಲು ನೋಡಿ. ಅವಳು ಏಳಲಿಲ್ಲ. ‘ಅವರು ಈಗ ಹುಡುಕ್ತಿರ್ತಾರೆ ತಾತ’ ಎಂದಳು.

ಬಸ್ಸು ಹೋಯಿತು. ನಾವು ತಿರುಗಿ ನಡೆದೆವು. ಮನೆಯ ಯಜಮಾನತಿ ಮಗ್ಗ ನಿಲ್ಲಿಸಿ, ನೆಲದ ಮೇಲೆ ಅಂಗೈ ಆಡಿಸುತ್ತ ಹುಡುಕುತ್ತಿದ್ದರು. ಮೊಮ್ಮಗಳು ಚಿಮಟ ಚಾಚಿ, ‘ತಪ್ಪಾಯ್ತು ಅಜ್ಜಿ, ನಮ್ಮ ಚೀಲದಲ್ಲಿ ಬಂದಿತ್ತು’ ಎಂದಳು. ಆಕೆ ಅದನ್ನು ಸೆರಗಿನಲ್ಲಿ ಒರೆಸಿ ಇಟ್ಟುಕೊಂಡು ನಕ್ಕರು. ‘ನಾಳೆ ಬಾರವ್ವ, ಲಾಳಿ ಹಾಕೋದು ಕಲಿಸ್ತೀನಿ.’

ಮರುದಿನ ಬೆಳಗ್ಗೆ ನಾನು ಎದ್ದು ನೋಡುವಷ್ಟರಲ್ಲಿ ಖಾಕಿ ಚೀಲ ಗೂಟದಲ್ಲಿರಲಿಲ್ಲ. ಮೊಮ್ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ಎಣಿಸಿದ್ದೀನಿ ತಾತ, ಹದಿನಾಲ್ಕು ಇದೆ. ಹೊರಡೋಣ್ವಾ?’