ಹತ್ತಕ್ಕೆ ಹತ್ತರ ಶಾಲೆ

ಅಮೆರಿಕದ ಬೇ ಏರಿಯಾದಲ್ಲಿ ನಾಲ್ಕು ಕನ್ನಡ ಕುಟುಂಬಗಳು ಊಟಕ್ಕೆ ಸೇರಿದರೆ, ಮಜ್ಜಿಗೆ ಬರುವ ಹೊತ್ತಿಗೆ ಮಾತು ಮನೆ ಬೆಲೆಗೆ, ಅಲ್ಲಿಂದ ಶಾಲೆಗೆ ಬಂದಿರುತ್ತದೆ. ಮಗು ಐದನೇ ತರಗತಿಯಲ್ಲಿದ್ದರಂತೂ ಕೇಳುವುದೇ ಬೇಡ. ಆರರಿಂದ ಎಂಟರವರೆಗಿನ ಮಿಡ್ಲ್ ಸ್ಕೂಲ್ ಯಾವುದು ಸಿಗುತ್ತದೆ, ಅದಕ್ಕೆ ಹತ್ತರಲ್ಲಿ ಎಷ್ಟು ಅಂಕ, ಎಂಟಿದ್ದರೆ ಸಾಕೇ, ಏಳಾದರೆ ಮನೆ ಬದಲಿಸಬೇಕೇ? ಹೋಲಿಕೆಯಾಗುತ್ತಿರುವುದು ಒಂದೇ ಸ್ಕೂಲ್ ಡಿಸ್ಟ್ರಿಕ್ಟಿನ ಸರ್ಕಾರಿ ಶಾಲೆಗಳು ಎಂಬುದು ಯಾರಿಗೂ ನೆನಪಿರುವುದಿಲ್ಲ.

ತಪ್ಪು ಕಲ್ಪನೆ: ಹತ್ತಕ್ಕೆ ಹತ್ತು ಬಂದ ಶಾಲೆಯಲ್ಲಿ ಪಾಠ ಚೆನ್ನಾಗಿರುತ್ತದೆ.

ಸತ್ಯ: ಈ ಅಂಕ ಸರ್ಕಾರ ಕೊಟ್ಟದ್ದಲ್ಲ. 1998ರಲ್ಲಿ ಶುರುವಾದ ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆಯದು. ಝಿಲೋದಂಥ ತಾಣಗಳು ಮಾರಾಟಕ್ಕಿರುವ ಮನೆಯ ಫೋಟೊ ಜೊತೆಗೇ ಇದನ್ನೂ ತೋರಿಸುವುದರಿಂದ ಜನ ಅಧಿಕೃತ ಎಂದುಕೊಂಡಿದ್ದಾರೆ. ಲೆಕ್ಕಕ್ಕೆ ಆಧಾರ ಮುಖ್ಯವಾಗಿ ರಾಜ್ಯ ಮಟ್ಟದ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಮೂರರಿಂದ ಎಂಟನೇ ತರಗತಿಯ ಮಕ್ಕಳು ಇಂಗ್ಲಿಷ್ ಮತ್ತು ಗಣಿತದಲ್ಲಿ ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಬರೆಯುತ್ತಾರೆ. ಆರನೇ ತರಗತಿಯ ಮಗು ಅದಕ್ಕೆ ಕೂರುವಾಗ ಹೊಸ ಶಾಲೆ ಸೇರಿ ಒಂದು ವರ್ಷವೂ ತುಂಬಿರುವುದಿಲ್ಲ. ಬಂದ ಅಂಕದಲ್ಲಿ ಹಿಂದಿನ ಶಾಲೆಯ ಪಾಲಿದೆ, ಅಪ್ಪ-ಅಮ್ಮನ ಓದು ಮತ್ತು ಸಂಬಳದ ಪಾಲಿದೆ, ಶನಿವಾರದ ಗಣಿತದ ಟ್ಯೂಷನ್ನಿನ ಪಾಲೂ ಇದೆ. ಹೆಸರು ಮಾತ್ರ ಮಿಡ್ಲ್ ಸ್ಕೂಲಿಗೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ದೇಶದುದ್ದಕ್ಕೂ ಕೋಟ್ಯಂತರ ಪರೀಕ್ಷಾ ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದ್ದಾರೆ. ಸರಾಸರಿ ಅಂಕಕ್ಕೂ ಕುಟುಂಬಗಳ ಆರ್ಥಿಕ ಸ್ಥಿತಿಗೂ ಗಟ್ಟಿ ನಂಟು. ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋದರು ಎಂಬುದಕ್ಕೂ ಆರ್ಥಿಕ ಸ್ಥಿತಿಗೂ ನಂಟು ತೀರ ಸಡಿಲ. ಶಾಲೆಯ ಕೆಲಸ ಕಾಣುವುದು ಈ ಎರಡನೆಯದರಲ್ಲಿ. 2020ರಲ್ಲಿ ಗ್ರೇಟ್‌ಸ್ಕೂಲ್ಸ್ ಕೂಡ ಈ ಪ್ರಗತಿಗೆ ಹೆಚ್ಚು ತೂಕ ಕೊಟ್ಟು ಸೂತ್ರ ಬದಲಿಸಿತು. ಕಟ್ಟಡ ಅದೇ, ಮೇಷ್ಟ್ರು ಅವರೇ, ಅಂಕ ಮಾತ್ರ ಬೇರೆ!

ತಪ್ಪು ಕಲ್ಪನೆ: ಇಂಗ್ಲಿಷ್ ಕಲಿಯುವ ಮಕ್ಕಳ ಫಲಿತಾಂಶ ಕೆಳಗಿದ್ದರೆ ಶಾಲೆ ಅವರಿಗೆ ಏನೂ ಕಲಿಸಿಲ್ಲ.

ಸತ್ಯ: ಇದು ನೇರವಾಗಿ ನಮ್ಮವರಿಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗೆ ಮೊದಲ ಸಲ ಸೇರಿಸುವಾಗ ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಒಂದು ಫಾರಂ ಕೇಳುತ್ತದೆ. ಕನ್ನಡ ಎಂದು ಬರೆದರೆ ಮಗುವಿಗೆ 30 ದಿನದೊಳಗೆ ಎಲ್ಪಾಕ್ ಎಂಬ ಇಂಗ್ಲಿಷ್ ಪರೀಕ್ಷೆ. ಅದಕ್ಕೆ ಹೆದರಿ ಇಂಗ್ಲಿಷ್ ಎಂದೇ ಬರೆದುಬಿಡುವವರೂ ಉಂಟು. ಹೆದರುವಂಥದ್ದೇನಿಲ್ಲ, ಸಾಕಷ್ಟು ಇಂಗ್ಲಿಷ್ ಬಂದರೆ ವಿಷಯ ಅಲ್ಲಿಗೇ ಮುಗಿಯಿತು, ಬಾರದಿದ್ದರೆ ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿ ಹೆಚ್ಚಿನ ಪಾಠ ಸಿಗುತ್ತದೆ. ಭಾಷೆ ಹಿಡಿತಕ್ಕೆ ಸಿಕ್ಕಿತೆಂದು ತೀರ್ಮಾನವಾದ ಮೇಲೆ ಮಗು ಆ ಪಟ್ಟಿಯಿಂದ ಹೊರಗೆ. ಚೆನ್ನಾಗಿ ಕಲಿತವರು ಹೋಗುತ್ತ, ಈಗಷ್ಟೇ ವಿಮಾನ ಇಳಿದವರು ಸೇರುತ್ತ ಇರುವ ಗುಂಪಿನ ಸರಾಸರಿ ಮೇಲೇರುವುದಾದರೂ ಹೇಗೆ? ಶಾಲೆ ಹೆಚ್ಚು ಮಕ್ಕಳನ್ನು ದಾಟಿಸಿದಷ್ಟೂ ಉಳಿದವರ ಅಂಕ ಇನ್ನೂ ಕೆಳಗೆ ಕಾಣಬಹುದು. ವರ್ಷಕ್ಕೆ ಎಷ್ಟು ಮಕ್ಕಳು ಪಟ್ಟಿಯಿಂದ ಹೊರಬಂದರು ಎಂದು ಕೇಳಿ, ಆಗ ಶಾಲೆಯ ಯೋಗ್ಯತೆ ತಿಳಿಯುತ್ತದೆ.

ತಪ್ಪು ಕಲ್ಪನೆ: ಸ್ಥಿತಿವಂತರ ಬಡಾವಣೆಯ ಶಾಲೆಗೆ ಸರ್ಕಾರದ ಹಣ ಹೆಚ್ಚು, ಪಠ್ಯವೂ ಮೇಲ್ಮಟ್ಟದ್ದು.

ಸತ್ಯ: ಶಾಲೆಗಳಿಗೆ ಹಣ ಹಂಚುವ ಕ್ಯಾಲಿಫೋರ್ನಿಯಾದ 2013ರ ಕಾನೂನು ಇದಕ್ಕೆ ಉಲ್ಟಾ. ಪ್ರತಿ ಮಗುವಿಗೊಂದು ಮೂಲ ಮೊತ್ತ. ಬಡ ಕುಟುಂಬದ, ಇಂಗ್ಲಿಷ್ ಕಲಿಯುವ, ಅಥವಾ ಫಾಸ್ಟರ್ ಆರೈಕೆಯಲ್ಲಿರುವ ಮಗುವಿಗೆ ಅದರ ಮೇಲೆ ಶೇ 20ರಷ್ಟು ಹೆಚ್ಚುವರಿ ಹಣ ಡಿಸ್ಟ್ರಿಕ್ಟಿಗೆ ಬರುತ್ತದೆ. (ಆಸ್ತಿ ತೆರಿಗೆಯೇ ಧಾರಾಳವಾಗಿ ಬರುವ ಕೆಲವು ಡಿಸ್ಟ್ರಿಕ್ಟುಗಳ ಕಥೆ ಬೇರೆ.) ಪೋಷಕರು ಎತ್ತುವ ಚಂದಾದಲ್ಲಿ ಶಾಲೆ-ಶಾಲೆಗೆ ವ್ಯತ್ಯಾಸವಿರುತ್ತದೆ, ನಿಜ. ಆದರೆ ಆಡಳಿತ ಮಂಡಳಿ ಒಂದೇ, ಶಿಕ್ಷಕರ ವೇತನ ಶ್ರೇಣಿ ಒಂದೇ. ಪಠ್ಯದ ದೊಡ್ಡ ತೀರ್ಮಾನಗಳೂ ಮೇಲಿನಿಂದಲೇ ಬರುತ್ತವೆ: ಸ್ಯಾನ್ ಫ್ರಾನ್ಸಿಸ್ಕೊ ಡಿಸ್ಟ್ರಿಕ್ಟ್ 2014ರಲ್ಲಿ ಎಂಟನೇ ತರಗತಿಯ ಆಲ್ಜಿಬ್ರಾವನ್ನು ಕೈಬಿಟ್ಟಿತು, ಜನ ಬಿಡದೆ ಹಟ ಹಿಡಿದ ಮೇಲೆ 2024ರಲ್ಲಿ ವಾಪಸ್ ತರಲು ಒಪ್ಪಿತು.

ತಪ್ಪು ಕಲ್ಪನೆ: ಊರು ಗೊತ್ತಾದರೆ ಶಾಲೆ ಗೊತ್ತಾದಂತೆ.

ಸತ್ಯ: ಕುಪರ್ಟಿನೊ ಮಿಡ್ಲ್ ಸ್ಕೂಲ್ ಇರುವುದು ಸನ್ನಿವೇಲಿನಲ್ಲಿ. ಅದೇ ಡಿಸ್ಟ್ರಿಕ್ಟಿನ ಮಿಲ್ಲರ್ ಮಿಡ್ಲ್ ಸ್ಕೂಲ್ ಸ್ಯಾನ್ ಹೋಸೆಯಲ್ಲಿದೆ. ಎಂಟನೇ ತರಗತಿ ಮುಗಿದರೆ ಹೈಸ್ಕೂಲಿಗೆ ಬೇರೆಯೇ ಡಿಸ್ಟ್ರಿಕ್ಟ್, ಫ್ರೀಮಾಂಟ್ ಯೂನಿಯನ್. ಕೊಲ್ಲಿಯಾಚೆಯ ಫ್ರೀಮಾಂಟ್ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ. ಶಾಲೆಗಳ ಗಡಿ ಬೀದಿ-ಬೀದಿಗೆ ಬದಲಾಗುತ್ತದೆ. ಮನೆ ಮಾರುವವರ ಮಾತು ನಂಬದೆ ವಿಳಾಸವನ್ನು ಡಿಸ್ಟ್ರಿಕ್ಟ್ ಕಚೇರಿಯಲ್ಲೇ ಕೇಳಿಕೊಳ್ಳಿ.

ಹಾಗಾದರೆ ನೋಡಬೇಕಾದ್ದೇನು? ಪ್ರತಿ ಸರ್ಕಾರಿ ಶಾಲೆಯೂ ವರ್ಷಕ್ಕೊಮ್ಮೆ, ಫೆಬ್ರವರಿ 1ರೊಳಗೆ, ತನ್ನ ವರದಿಯನ್ನು ಪ್ರಕಟಿಸಲೇಬೇಕು. ಎಷ್ಟು ಶಿಕ್ಷಕರಿಗೆ ಪೂರ್ಣ ಅರ್ಹತೆ ಇದೆ, ತರಗತಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಜನರನ್ನು ಸಸ್ಪೆಂಡ್ ಮಾಡಿದರು, ಎಲ್ಲ ಅದರಲ್ಲಿರುತ್ತದೆ. ಎರಡು-ಮೂರು ವರ್ಷದ್ದನ್ನು ಒಟ್ಟಿಗೆ ಇಟ್ಟು ನೋಡಿ. ಪ್ರಿನ್ಸಿಪಾಲರು ಪದೇ ಪದೇ ಬದಲಾಗುತ್ತಿದ್ದಾರೆಯೇ ಎಂದು ಈಗಾಗಲೇ ಅಲ್ಲಿ ಓದುತ್ತಿರುವ ಮಕ್ಕಳ ಮನೆಯವರನ್ನು ವಿಚಾರಿಸಿ. ಒಂದೇ ಡಿಸ್ಟ್ರಿಕ್ಟಿನೊಳಗೆ ಏಳನ್ನು ಬಿಟ್ಟು ಎಂಟಕ್ಕೆ ಹೋಗಲೆಂದು ಸಾಲದ ಮೇಲೆ ಸಾಲ ಮಾತ್ರ ಮಾಡಬೇಡಿ.