ಚಿಕ್ಕ ಮಕ್ಕಳಿಗೆ ಆಫ್‌ಲೈನ್ ಕಂಪ್ಯೂಟರ್ ಆಟಗಳ ಆಯ್ಕೆ

ಒಮ್ಮೆ ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡ ಮೇಲೆ ಅಂತರಜಾಲದ ಸಂಪರ್ಕವಿಲ್ಲದೆಯೇ ಆಡಬಹುದಾದ ಆಟಗಳನ್ನು ಆಫ್‌ಲೈನ್ ಕಂಪ್ಯೂಟರ್ ಆಟಗಳು ಎನ್ನುತ್ತಾರೆ. ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳಿಗೆ ಇಂತಹ ಆಟಗಳನ್ನು ಆರಿಸುವಾಗ ಮಗುವಿನ ವಯಸ್ಸು, ಮನೆಯ ಭಾಷೆ, ಕಂಪ್ಯೂಟರಿನ ಸಾಮರ್ಥ್ಯ ಹಾಗೂ ಜೊತೆಯಲ್ಲಿ ಕುಳಿತುಕೊಳ್ಳುವ ಹಿರಿಯರ ಬಿಡುವು ಇವೆಲ್ಲವನ್ನೂ ಗಮನಿಸಬೇಕಾಗುತ್ತದೆ. ಯಾದಗಿರಿ, ಶಹಾಪುರ ಮತ್ತು ಸುರಪುರ ಪ್ರದೇಶದ ಸಂದರ್ಭದಲ್ಲಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಯಾದಗಿರಿ ಜಿಲ್ಲೆಯು ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು ಕರ್ನಾಟಕದ 30ನೆಯ ಜಿಲ್ಲೆಯಾಯಿತು. ಆರಂಭದಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳಿದ್ದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ಇದು ಆಗ ರಾಜ್ಯದಲ್ಲೇ ಅತಿ ಕಡಿಮೆ. ಕನ್ನಡದೊಡನೆ ಉರ್ದು, ತೆಲುಗು ಮತ್ತು ಲಂಬಾಣಿ ಭಾಷೆಗಳೂ ಇಲ್ಲಿ ಮನೆಮಾತುಗಳಾಗಿವೆ. ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳು ಇಲ್ಲಿ ಹಲವರು.

ಇಂತಹ ಮನೆಗೆ ಬರುವ ಕಂಪ್ಯೂಟರ್ ಬಹುಮಟ್ಟಿಗೆ ಹಳೆಯದಾಗಿರುತ್ತದೆ. ಅಣ್ಣನೋ ಅಕ್ಕನೋ ಕಾಲೇಜಿಗಾಗಿ ಕೊಂಡ ಲ್ಯಾಪ್‌ಟಾಪ್ ಕಿರಿಯ ಮಗುವಿನ ಕೈಗೂ ಬರುತ್ತದೆ. ಪರದೆಯ ಮೇಲೆ ಮೂಡುವ ಇಂಗ್ಲಿಷ್ ಸೂಚನೆಯನ್ನು ಓದಿ ಹೇಳುವವರು ಮನೆಯಲ್ಲಿ ಇಲ್ಲದಿರಬಹುದು. ಆದ್ದರಿಂದ ಆಟವನ್ನು ಆರಿಸುವ ಕೆಲಸಕ್ಕೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ಕರ್ನಾಟಕದ ಅನುಭವ

ಅಂತರಜಾಲವಿಲ್ಲದೆ ಕಂಪ್ಯೂಟರಿನಿಂದ ಕಲಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸತಲ್ಲ. 2000ರ ದಶಕದ ಮೊದಲ ವರ್ಷಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಯ ಕಾರ್ಯಕ್ರಮವನ್ನು ನಡೆಸಿತು. ಇದಕ್ಕಾಗಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಕಥೆ, ಆಟ ಮತ್ತು ಒಗಟುಗಳನ್ನೊಳಗೊಂಡ ಸಿ.ಡಿ.ಗಳು ಸಿದ್ಧವಾದವು. ಮುಂದೆ ಪ್ರತಿಷ್ಠಾನವು ಕಂಪ್ಯೂಟರಿಗಿಂತ ಶಿಕ್ಷಕರ ಸಾಮರ್ಥ್ಯ ವೃದ್ಧಿಯೇ ಮುಖ್ಯವೆಂಬ ನಿಲುವಿಗೆ ಬಂದು, ಯಾದಗಿರಿ ಜಿಲ್ಲೆಯೂ ಸೇರಿದಂತೆ ತಾನು ಕೆಲಸ ಮಾಡುವ ಕಡೆಗಳಲ್ಲಿ ಶಿಕ್ಷಕರೊಡನೆ ನೇರವಾಗಿ ದುಡಿಯತೊಡಗಿತು. ಮಗುವಿನ ಮುಂದೆ ಯಂತ್ರವನ್ನು ಇರಿಸಿದ ಮಾತ್ರಕ್ಕೆ ಕಲಿಕೆ ನಡೆಯುವುದಿಲ್ಲ ಎಂಬುದು ಈ ಅನುಭವದಿಂದ ಮನೆಯವರೂ ತಿಳಿಯಬಹುದಾದ ಸಂಗತಿ.

ಆಫ್‌ಲೈನ್ ಆಟದ ಅನುಕೂಲಗಳು

ಉಚಿತವೆಂದು ದೊರೆಯುವ ಅನೇಕ ಆನ್‌ಲೈನ್ ಆಟಗಳು ಜಾಹೀರಾತಿನಿಂದ ಹಣ ಗಳಿಸುತ್ತವೆ. ಅಕ್ಷರ ಬಾರದ ಮಗುವಿಗೆ ಆಟದ ಗುಂಡಿ ಯಾವುದು, ಜಾಹೀರಾತಿನ ಗುಂಡಿ ಯಾವುದು ಎಂಬ ಭೇದ ತಿಳಿಯದು. ಒಂದು ತಪ್ಪು ಒತ್ತಿನಿಂದ ಬೇರೊಂದು ತಾಣವೋ ಹಣ ಪಾವತಿಯ ಪುಟವೋ ತೆರೆದುಕೊಳ್ಳಬಹುದು. ಸಂಪರ್ಕವನ್ನೇ ಕಡಿದ ಕಂಪ್ಯೂಟರಿನಲ್ಲಿ ಈ ಅಪಾಯ ಇರುವುದಿಲ್ಲ. ಅಪರಿಚಿತರು ಮಗುವಿನೊಡನೆ ಮಾತಿಗಿಳಿಯುವ ಅವಕಾಶವೂ ಇಲ್ಲ. ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲೂ ಆಟ ನಿಲ್ಲುವುದಿಲ್ಲ.

ಆಯ್ಕೆಯ ಮಾನದಂಡಗಳು

ಭಾಷೆ: ಓದು ಬಾರದ ಮಗುವಿಗೆ ಚಿತ್ರ ಮತ್ತು ಧ್ವನಿಯಿಂದಲೇ ಅರ್ಥವಾಗುವ ಆಟ ತಕ್ಕದ್ದು. ಅಕ್ಷರ ಕಲಿಸುವ ಆಟವಾದರೆ ಅದು ಕನ್ನಡದಲ್ಲಿದೆಯೇ ಎಂದು ನೋಡಬೇಕು. ಪಟ್ಟಿಯಲ್ಲಿ ಕನ್ನಡದ ಹೆಸರಿದ್ದರೂ ಒಳಗಿನ ಧ್ವನಿ ಇಂಗ್ಲಿಷಿನಲ್ಲೇ ಇರಬಹುದು. ಆದ್ದರಿಂದ ಹಿರಿಯರು ಮೊದಲು ತಾವೇ ಆಡಿ ನೋಡುವುದು ಉತ್ತಮ.

ವೇಗ: ಕರ್ನಾಟಕದ ಶಾಲೆಗಳಲ್ಲಿರುವ ನಲಿಕಲಿ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಯಿತು. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬುದು ಅದರ ತತ್ತ್ವ. ಆಟಕ್ಕೂ ಇದೇ ಅಳತೆಗೋಲನ್ನು ಬಳಸಬಹುದು. ಗಡಿಯಾರವನ್ನು ತೋರಿಸಿ ಅವಸರಪಡಿಸುವ ಆಟಕ್ಕಿಂತ, ತಪ್ಪಿದಾಗ ಮತ್ತೆ ಪ್ರಯತ್ನಿಸಲು ಬಿಡುವ ಆಟವೇ ಚಿಕ್ಕ ಮಗುವಿಗೆ ಹಿತ.

ಕೊನೆ: ಒಳ್ಳೆಯ ಆಟಕ್ಕೆ ಸಹಜವಾದ ನಿಲುಗಡೆ ಇರುತ್ತದೆ. ಒಂದು ಚಿತ್ರ ಮುಗಿಯಿತು, ಒಂದು ಒಗಟು ಬಿಡಿಸಿದ್ದಾಯಿತು ಎಂದಾಗ ಮಗು ಎದ್ದು ಹೋಗಬಲ್ಲದು. ನಾಣ್ಯ, ಬಹುಮಾನಗಳ ಆಸೆ ತೋರಿಸಿ ಕೊನೆಯಿಲ್ಲದೆ ಮುಂದುವರಿಯುವ ಆಟವನ್ನು ನಿಲ್ಲಿಸಹೋದರೆ ಅಳು ಮತ್ತು ಹಟ ಎದುರಾಗುತ್ತವೆ.

ಯಂತ್ರ: ಹಳೆಯ ಕಂಪ್ಯೂಟರಿನಲ್ಲೂ ಸರಾಗವಾಗಿ ನಡೆಯುವಷ್ಟು ಹಗುರವಾದ ಆಟವಾಗಿರಬೇಕು.

ಕೆಲವು ಉಚಿತ ಆಟಗಳು

ಟಕ್ಸ್ ಪೇಂಟ್ ಮಕ್ಕಳಿಗಾಗಿಯೇ ರೂಪುಗೊಂಡ ಚಿತ್ರ ಬರೆಯುವ ತಂತ್ರಾಂಶ. ಅಮೆರಿಕದ ಬಿಲ್ ಕೆಂಡ್ರಿಕ್ 2002ರಲ್ಲಿ ಇದನ್ನು ಆರಂಭಿಸಿದರು. ದೊಡ್ಡ ಗುಂಡಿಗಳು, ಪ್ರತಿಯೊಂದು ಸಾಧನಕ್ಕೂ ತಮಾಷೆಯ ಸದ್ದು, ಮುದ್ರೆಯೊತ್ತುವ ಚಿತ್ರಗಳು ಇದರ ವಿಶೇಷ. ಚಿತ್ರವನ್ನು ಉಳಿಸಲು ಮಗು ಹೆಸರನ್ನು ಬೆರಳಚ್ಚು ಮಾಡಬೇಕಾಗಿಲ್ಲ. ಕನ್ನಡ ಮತ್ತು ತೆಲುಗಿನಲ್ಲೂ ಇದನ್ನು ಬಳಸಬಹುದು.

ಜಿಕಾಂಪ್ರಿ ಎರಡರಿಂದ ಹತ್ತು ವರ್ಷದ ಮಕ್ಕಳಿಗಾಗಿ ನೂರಕ್ಕೂ ಹೆಚ್ಚು ಚಟುವಟಿಕೆಗಳನ್ನು ಒಟ್ಟುಗೂಡಿಸಿದ ಕಟ್ಟು. ಫ್ರಾನ್ಸಿನ ಬ್ರೂನೊ ಕುದುವ್ಯಾಂ 2000ದಲ್ಲಿ ಇದನ್ನು ಹೊರತಂದರು. ಹೆಸರಿನ ಮೂಲ, ‘ನನಗೆ ಅರ್ಥವಾಯಿತು’ ಎಂಬ ಅರ್ಥದ ಫ್ರೆಂಚ್ ಮಾತು. ಈಗ ಇದು ಕೆಡಿಇ ಸಮುದಾಯದ ಯೋಜನೆಗಳಲ್ಲೊಂದು. ಮೌಸ್ ಹಿಡಿಯುವ ಅಭ್ಯಾಸ, ಎಣಿಕೆ, ಬಣ್ಣ, ನೆನಪಿನ ಆಟ, ಚದುರಂಗ ಇವೆಲ್ಲ ಇದರಲ್ಲಿವೆ. ಇಬ್ಬರೂ ಒಂಬತ್ತೊಂಬತ್ತು ಕಾಯಿ ಹಿಡಿದು ಮೂರರ ಸಾಲು ಕಟ್ಟುವ ಆಟವೊಂದಿದೆ. ಕರ್ನಾಟಕದಲ್ಲಿ ಇದನ್ನೇ ಸಾಲುಮನೆ ಆಟ ಎನ್ನುತ್ತಾರೆ. ಪ್ರತಿ ಚಟುವಟಿಕೆಗೂ ಕಷ್ಟದ ಮಟ್ಟವನ್ನು ನಕ್ಷತ್ರಗಳಿಂದ ಸೂಚಿಸಲಾಗಿದ್ದು, ಮಗುವಿಗೆ ತಕ್ಕ ಮಟ್ಟದವು ಮಾತ್ರ ಕಾಣುವಂತೆ ಹಿರಿಯರು ಹೊಂದಿಸಬಹುದು.

ಟಕ್ಸ್ ಮ್ಯಾಥ್ ಎಂಬ ಲೆಕ್ಕದ ಆಟದಲ್ಲಿ ಮೇಲಿನಿಂದ ಬೀಳುವ ಧೂಮಕೇತುಗಳನ್ನು ಸರಿಯುತ್ತರದಿಂದ ತಡೆಯಬೇಕು. ಇದರಲ್ಲಿ ಅವಸರ ಇರುವುದರಿಂದ ಕೂಡುವುದು ಕಳೆಯುವುದು ಚೆನ್ನಾಗಿ ರೂಢಿಯಾದ ಮಕ್ಕಳಿಗೆ ಮಾತ್ರ ಸೂಕ್ತ.

ಈ ಮೂರೂ ಸ್ವತಂತ್ರ ತಂತ್ರಾಂಶಗಳು. ಹಣ ಕೊಡದೆ ಪಡೆಯಬಹುದು, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ನೆರೆಮನೆಗೋ ಶಾಲೆಗೋ ಕೊಡಬಹುದು. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ.

ಅಳವಡಿಕೆ

ಆಟವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಅಂಗಡಿಗಳಲ್ಲಿ ಕೈಯಿಂದ ಕೈಗೆ ಸಾಗುವ ನಕಲಿ ಪ್ರತಿಗಳೊಡನೆ ವೈರಸ್ ಬರುವ ಸಂಭವವಿದೆ. ಜಿಕಾಂಪ್ರಿಯ ಧ್ವನಿಗಳು ಮತ್ತು ಹೆಚ್ಚಿನ ಚಿತ್ರಗಳನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಾಗಬಹುದು. ಸಂಪರ್ಕ ಇರುವಾಗಲೇ ಆ ಕೆಲಸ ಮುಗಿಸಿ, ಬಳಿಕ ವೈ-ಫೈ ನಿಲ್ಲಿಸಬೇಕು. ಮಗುವಿಗೆ ಕಂಪ್ಯೂಟರಿನಲ್ಲಿ ಬೇರೆಯೇ ಖಾತೆ ತೆರೆದರೆ ದೊಡ್ಡವರ ಕಡತಗಳು ಅಳಿಸಿಹೋಗುವ ಭಯ ಇರುವುದಿಲ್ಲ. ಕಂಪ್ಯೂಟರನ್ನು ಎಲ್ಲರೂ ಓಡಾಡುವ ಪಡಸಾಲೆಯಲ್ಲಿ ಇಡುವುದು ಒಳ್ಳೆಯದು.

ಸಮಯದ ಮಿತಿ

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ಮುಂದಿನ ಕಾಲಕ್ಷೇಪ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳಿತು. ದೂರದರ್ಶನ ಮತ್ತು ಮೊಬೈಲ್ ನೋಡುವ ವೇಳೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಆಟ ಶೈಕ್ಷಣಿಕವೆಂಬ ಕಾರಣಕ್ಕೆ ಈ ಮಿತಿ ಸಡಿಲವಾಗುವುದಿಲ್ಲ.

ಹಿರಿಯರ ಪಾತ್ರ

ಮಗುವಿನ ಪಕ್ಕದಲ್ಲಿ ಕುಳಿತವರಿಗೆ ಕಂಪ್ಯೂಟರ್ ಬಾರದಿದ್ದರೂ, ಅಕ್ಷರವೇ ಬಾರದಿದ್ದರೂ ತೊಂದರೆಯಿಲ್ಲ. ‘ಇದೇನು ಬರೆದಿ?’, ‘ಇದು ಇಲ್ಲಿಗೆ ಯಾಕ ಬಂತು?’ ಎಂದು ಅಜ್ಜಿ ಕೇಳಿದರೆ, ಉತ್ತರ ಹೇಳುವ ಯತ್ನದಲ್ಲೇ ಮಗುವಿನ ಮಾತು ಬೆಳೆಯುತ್ತದೆ. ಲಂಬಾಣಿ ಅಥವಾ ತೆಲುಗು ಮನೆಮಾತಿನ ಮಗುವಿಗೆ ಚಿತ್ರದಲ್ಲಿನ ವಸ್ತುವನ್ನು ಮನೆಯ ಭಾಷೆಯಲ್ಲಿ ಹೇಳಿ, ಮತ್ತೆ ಕನ್ನಡದಲ್ಲಿ ಹೇಳಿಸಬಹುದು.

ಆಟದ ವಸ್ತುವನ್ನು ಸುತ್ತಲಿನ ಜಗತ್ತಿಗೆ ಜೋಡಿಸುವುದೂ ಹಿರಿಯರ ಕೆಲಸ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ, ಯಾದಗಿರಿಯ ಕೋಟೆ, ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಹಕ್ಕಿಗಳು ಟಕ್ಸ್ ಪೇಂಟ್‌ನಲ್ಲಿ ಬರೆಯಲು ತಕ್ಕ ವಸ್ತುಗಳು. ತನ್ನದೇ ಚಿತ್ರಕಲಾ ಪರಂಪರೆಯುಳ್ಳ ಸುರಪುರದ ಮಕ್ಕಳಿಗೆ ಆ ಚಿತ್ರಗಳನ್ನು ಮೊದಲು ತೋರಿಸಿ ನಂತರ ಬರೆಯಲು ಹೇಳಬಹುದು. ಪರದೆಯ ಮೇಲೆ ಸಾಲುಮನೆ ಕಲಿತ ಮಗುವಿಗೆ ಅದೇ ಮನೆಗಳನ್ನು ಸೀಮೆಸುಣ್ಣದಿಂದ ಕಟ್ಟೆಯ ಮೇಲೆ ಬರೆದು, ಹುಣಸೆ ಬೀಜ ಮತ್ತು ಕಲ್ಲುಹರಳು ಕೊಟ್ಟರೆ ಆಟ ಕರೆಂಟು ಹೋದಾಗಲೂ ಮುಂದುವರಿಯುತ್ತದೆ. ಚೌಕಾಬಾರ ಮತ್ತು ಅಳಗುಳಿಮಣೆಗಳು ಎಣಿಕೆಯನ್ನು ಕಂಪ್ಯೂಟರಿನಷ್ಟೇ ಚೆನ್ನಾಗಿ ಕಲಿಸಬಲ್ಲವು. ಕಂಪ್ಯೂಟರ್ ಇಲ್ಲದ ಮನೆಯ ಮಗುವೂ ಅವನ್ನು ಆಡಬಹುದು.