ವೈದ್ಯರ ಚೀಟಿ ಮತ್ತು ಧರ್ಮಕೇಂದ್ರದ ಬಾಗಿಲು: ಸಾಮಾಜಿಕ ಶಿಫಾರಸಿನ ಕುರಿತು ಒಂದು ದೈವಶಾಸ್ತ್ರೀಯ ಚಿಂತನೆ

ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಮೂವತ್ತೆಂಟು ವರ್ಷಗಳಿಂದ ವ್ಯಾಧಿಗ್ರಸ್ತನಾಗಿದ್ದ ಒಬ್ಬ ಮನುಷ್ಯನನ್ನು ಕೊಳದ ದಡದಲ್ಲಿ ಕಾಣುತ್ತೇವೆ. ಗುಣಹೊಂದುವ ಇಚ್ಛೆಯಿದೆಯೇ ಎಂದು ಯೇಸುಸ್ವಾಮಿ ವಿಚಾರಿಸಿದಾಗ ಆತ ತನ್ನ ರೋಗವನ್ನು ವಿವರಿಸುವುದಿಲ್ಲ. ತನ್ನನ್ನು ನೀರಿಗಿಳಿಸುವವರು ಯಾರೂ ಇಲ್ಲವೆಂದು ಹೇಳಿಕೊಳ್ಳುತ್ತಾನೆ. ರೋಗ ಒಂದು ಸಂಕಟ, ತನ್ನವರೆಂಬವರು ಇಲ್ಲದಿರುವುದು ಇನ್ನೊಂದು. ಆತನ ಬಾಳಿನಲ್ಲಿ ಇವೆರಡೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಇಂಗ್ಲೆಂಡಿನ ಕುಟುಂಬ ವೈದ್ಯರು ಈಚೆಗೆ ವ್ಯಾಪಕವಾಗಿ ಅನುಸರಿಸುತ್ತಿರುವ ‘ಸೋಶಿಯಲ್ ಪ್ರಿಸ್ಕ್ರೈಬಿಂಗ್’ ಎಂಬ ಪದ್ಧತಿ ಈ ಹೆಣಿಗೆಯನ್ನು ಗಂಭೀರವಾಗಿ ಪರಿಗಣಿಸುತ್ತದೆ. ಇದನ್ನು ಸಾಮಾಜಿಕ ಶಿಫಾರಸು ಎಂದು ಕರೆಯೋಣ. ಅದರ ಸ್ವರೂಪವನ್ನು ವಿವರಿಸಿ, ಅದು ಧರ್ಮಸಭೆಯ ಮುಂದಿಡುವ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪದ್ಧತಿಯ ಸ್ವರೂಪ

ವೈದ್ಯರ ಬಳಿಗೆ ನಿದ್ರಾಹೀನತೆ, ತಲೆನೋವು, ಆಯಾಸ ಎಂದು ಹೇಳಿಕೊಂಡು ಬರುವ ಅನೇಕರ ನೋವಿನ ಹಿಂದೆ ಒಂಟಿತನ, ಸಾಲ, ವಿಯೋಗದುಃಖ ಅಥವಾ ಹದಗೆಟ್ಟ ಮನೆ ಇರುತ್ತದೆ. ಹತ್ತು ನಿಮಿಷಗಳ ಭೇಟಿಯಲ್ಲಿ ವೈದ್ಯರು ಇವನ್ನು ಗುರುತಿಸಬಹುದು, ಪರಿಹರಿಸಲಾರರು. ಆದ್ದರಿಂದ ಅವರು ರೋಗಿಯನ್ನು ‘ಲಿಂಕ್ ವರ್ಕರ್’ ಎಂಬ ಸಂಪರ್ಕ ಕಾರ್ಯಕರ್ತರ ಬಳಿಗೆ ಕಳುಹಿಸುತ್ತಾರೆ. ಈ ಕಾರ್ಯಕರ್ತರು ಬಿಡುವಾಗಿ ಕುಳಿತು ಮಾತನಾಡುತ್ತಾರೆ. ನಿಮಗೆ ಏನಾಗಿದೆ ಎಂಬುದರ ಜೊತೆಗೆ ನಿಮ್ಮ ಬಾಳಿನಲ್ಲಿ ಯಾವುದು ಮುಖ್ಯ ಎಂದೂ ಕೇಳುತ್ತಾರೆ. ಬಳಿಕ ತೋಟಗಾರಿಕೆಯ ಗುಂಪು, ಗಾಯನವೃಂದ, ನಡಿಗೆಯ ಬಳಗ, ವೃದ್ಧರ ಸಹಭೋಜನ, ಸಾಲ ಪರಿಹಾರದ ಸಲಹಾಕೇಂದ್ರ, ಹೀಗೆ ತಕ್ಕದಾದ ಒಂದೆಡೆಗೆ ಪರಿಚಯಿಸುತ್ತಾರೆ. ಅಗತ್ಯವಿದ್ದರೆ ಮೊದಲ ದಿನ ಜೊತೆಯಲ್ಲಿ ಹೋಗುವುದೂ ಉಂಟು. ಔಷಧ ಬೇಕಾದವರಿಗೆ ಔಷಧವೂ ಮುಂದುವರಿಯುತ್ತದೆ.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2019ರ ಜನವರಿಯಲ್ಲಿ ಪ್ರಕಟಿಸಿದ ದೀರ್ಘಾವಧಿ ಯೋಜನೆಯಲ್ಲಿ ಇದಕ್ಕೆ ಅಧಿಕೃತ ಸ್ಥಾನ ನೀಡಿತು. 2020–21ರ ಅಂತ್ಯದೊಳಗೆ ಸಾವಿರಕ್ಕೂ ಹೆಚ್ಚು ಸಂಪರ್ಕ ಕಾರ್ಯಕರ್ತರನ್ನು ನೇಮಿಸುವ, 2023–24ರೊಳಗೆ 9 ಲಕ್ಷಕ್ಕೂ ಹೆಚ್ಚು ಜನರನ್ನು ಈ ಮಾರ್ಗಕ್ಕೆ ತರುವ ಗುರಿ ಅದರಲ್ಲಿತ್ತು.

ಸರ್ಕಾರದ ಯೋಜನೆಗೆ ಬಹಳ ಮೊದಲೇ ಈ ವಿಚಾರ ಬೇರುಬಿಟ್ಟ ಎಡೆಗಳಲ್ಲಿ ಒಂದು ದೇವಾಲಯವೂ ಇತ್ತೆಂಬುದು ನಮಗೆ ವಿಶೇಷವಾಗಿ ಗಮನಾರ್ಹ. 1984ರಲ್ಲಿ ಆಂಡ್ರ್ಯೂ ಮಾಸನ್ ಎಂಬ ಯುನೈಟೆಡ್ ರಿಫಾರ್ಮ್ಡ್ ಸಭೆಯ ಬೋಧಕರು ಪೂರ್ವ ಲಂಡನ್ನಿನ ಬ್ರಾಮ್ಲಿ ಬೈ ಬೋ ಎಂಬ ಬಡ ಬಡಾವಣೆಗೆ ಬಂದಾಗ, ಅಲ್ಲಿ ಉಳಿದಿದ್ದುದು ಬೆರಳೆಣಿಕೆಯ ವಯೋವೃದ್ಧ ಭಕ್ತರು ಮತ್ತು ಒಂದು ಹಳೆಯ ಕಟ್ಟಡ. ಅವರು ಆ ಕಟ್ಟಡವನ್ನು ನೆರೆಹೊರೆಯವರಿಗೆ ತೆರೆದರು. ಕಲಾವಿದರು, ಮಕ್ಕಳು, ತಾಯಂದಿರು ಒಳಬಂದರು. 1997ರಲ್ಲಿ ಅದರ ಆವರಣಕ್ಕೆ ಚಿಕಿತ್ಸಾಲಯವೂ ಸೇರಿತು. ಅಲ್ಲಿ ಸಮುದಾಯ ಮೊದಲು ಹುಟ್ಟಿತು, ವೈದ್ಯರು ಅನಂತರ ಬಂದರು.

ದೈವಶಾಸ್ತ್ರದ ಬೆಳಕಿನಲ್ಲಿ

ಲೂಕರ ಶುಭಸಂದೇಶದ ಸಮಾರಿಯದವನು ಗಾಯಾಳುವಿನ ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದಷ್ಟೇ ನಮ್ಮ ಪ್ರಬೋಧನೆಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ಸಾಮತಿಯ ಉತ್ತರಾರ್ಧದಲ್ಲಿ ಆತ ಗಾಯಾಳುವನ್ನು ಒಂದು ಛತ್ರಕ್ಕೆ ಕರೆದೊಯ್ದು ಮೇಲ್ವಿಚಾರಕನಿಗೆ ಒಪ್ಪಿಸುತ್ತಾನೆ. ಇದೂ ಒಂದು ಶಿಫಾರಸೇ. ಆದರೆ ಒಪ್ಪಿಸಿ ಕೈತೊಳೆದುಕೊಳ್ಳುವುದಿಲ್ಲ: ಮುಂಗಡ ಹಣ ಕೊಡುತ್ತಾನೆ, ಮರಳಿ ಬರುವುದಾಗಿ ಮಾತು ಕೊಡುತ್ತಾನೆ. ಜಗದ್ಗುರು ಎರಡನೆಯ ಜಾನ್ ಪೌಲರು 1984ರ ‘ಸಾಲ್ವಿಫಿಚಿ ದೊಲೋರಿಸ್’ ಪ್ರೇಷಿತ ಪತ್ರದಲ್ಲಿ ಇದೇ ಸಾಮತಿಯನ್ನು ಧ್ಯಾನಿಸುತ್ತಾ, ಸಂಸ್ಥೆಗಳ ಸೇವೆಯನ್ನು ಮೆಚ್ಚಿದರೂ ಮಾನವ ಹೃದಯದ ಸ್ಥಾನವನ್ನು ಯಾವ ಸಂಸ್ಥೆಯೂ ತುಂಬಲಾರದೆಂದು ಬೋಧಿಸಿದರು. ಕಳುಹಿಸುವವನ ಪ್ರಾಮಾಣಿಕತೆಯಷ್ಟೇ ಬರಮಾಡಿಕೊಳ್ಳುವ ಛತ್ರವೂ ಅಗತ್ಯ. ಛತ್ರವಿಲ್ಲದ ಊರಿನಲ್ಲಿ ಸಮಾರಿಯದವನ ಕರುಣೆಯೂ ದಾರಿಯಲ್ಲೇ ನಿಂತುಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಸಲ್ಲುತ್ತದೆ. ಸಹವಾಸವನ್ನು ಮಾತ್ರೆಯಂತೆ ಅಳೆದು ಕೊಡುವಾಗ, ಅದು ಆರೋಗ್ಯಕ್ಕೆ ಕೇವಲ ಒಂದು ಸಾಧನವಾಗುವ ಅಪಾಯವಿದೆ. ಕ್ರೈಸ್ತ ವಿಶ್ವಾಸದಲ್ಲಿ ಅನ್ಯೋನ್ಯತೆ ಸಾಧನವಲ್ಲ. ತ್ರ್ಯೇಕ ದೇವರ ಬಾಳಿನಲ್ಲಿ ಪಾಲುಗೊಳ್ಳುವ ಅದು ಮಾನವನ ಗುರಿಯೇ ಆಗಿದೆ. ಅಂತಿಯೋಕ್ಯದ ಸಂತ ಇಗ್ನಾಸಿಯುಸರು ಎಫೆಸದವರಿಗೆ ಬರೆದ ಪತ್ರದಲ್ಲಿ ಪರಮಪ್ರಸಾದವನ್ನು ಸಾವನ್ನು ಗೆಲ್ಲಿಸುವ ಔಷಧವೆಂದು ಕಂಡರು. ಆದರೆ ಆ ಔಷಧ, ಎಲ್ಲರೂ ಒಂದುಗೂಡಿ ಮುರಿಯುವ ಒಂದೇ ರೊಟ್ಟಿ. ಒಟ್ಟುಗೂಡುವುದೂ ಗುಣಹೊಂದುವುದೂ ಅಲ್ಲಿ ಬೇರೆಬೇರೆಯಾಗಿಲ್ಲ. ಹೀಗಾಗಿ, ಚೀಟಿ ಹಿಡಿದು ಬಂದವರನ್ನು ‘ಫಲಾನುಭವಿ’ ಎಂದು ಕಾಣಲು ನಮಗೆ ಅನುಮತಿಯಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದಂತೆ ದುರ್ಬಲವೆಂದು ತೋರುವ ಅಂಗವೇ ದೇಹಕ್ಕೆ ಅತ್ಯವಶ್ಯಕ. ಬಂದವರ ಕೈಗೆ ಊಟದ ತಟ್ಟೆಯ ಜೊತೆಗೆ ಬಡಿಸುವ ಸೌಟನ್ನೂ ಕೊಡಬೇಕು.

ಮಿತಿಗಳು

ಈ ಪದ್ಧತಿಯನ್ನು ಸರ್ವರೋಗ ಪರಿಹಾರವೆಂದು ಹೊಗಳುವುದು ಸತ್ಯಕ್ಕೆ ಸಲ್ಲದು. 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಅಲ್ಲಿಯವರೆಗಿನ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು, ವಿನ್ಯಾಸದಲ್ಲಿ ದುರ್ಬಲ, ಯಶಸ್ಸನ್ನು ನಿರ್ಣಯಿಸಲು ಸಾಲದವು ಎಂದು ಹೇಳಿತು. ಅಲ್ಲದೆ, ಗೋಡೆಯಲ್ಲಿ ತೇವ ಜಿನುಗುವ ಮನೆಯಲ್ಲಿ ಕೆಮ್ಮುವವರಿಗೆ ಬೇಕಾದುದು ಒಣಗಿದ ಮನೆ. ಗಾಯನವೃಂದ ಅದಕ್ಕೆ ಬದಲಿಯಾಗದು. ನ್ಯಾಯದ ಋಣವನ್ನು ದಾನದಿಂದ ತೀರಿಸಲಾಗದೆಂಬುದು ಧರ್ಮಸಭೆಯ ಸಾಮಾಜಿಕ ಬೋಧನೆಯ ಮೂಲತತ್ತ್ವ.

ನಮ್ಮ ಪಾಲನಾಸೇವೆಗೆ

ಇಂಥ ವ್ಯವಸ್ಥೆ ನಮ್ಮ ಧರ್ಮಕ್ಷೇತ್ರಗಳ ಸುತ್ತ ಇಲ್ಲದಿದ್ದರೂ ಅಂಥ ರೋಗಿಗಳು ಇದ್ದಾರೆ. ಬಲಿಪೂಜೆಯ ನಂತರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿರೆಂದು ಬರುವವರಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಮಾತನಾಡಿಸುವವರಿಲ್ಲ. ನಾವು ಪ್ರಾರ್ಥಿಸುತ್ತೇವೆ, ಅದು ಸರಿ. ಆಮೇಲೆ ಅವರನ್ನು ಒಂಟಿಯಾಗಿಯೇ ಮನೆಗೆ ಕಳುಹಿಸುತ್ತೇವೆ. ಯಕೋಬರ ಪತ್ರದ ಐದನೆಯ ಅಧ್ಯಾಯ ರೋಗಿಗೆ ಸಭೆಯ ಹಿರಿಯರನ್ನು ಕರೆಯಿಸಿಕೊಳ್ಳುವಂತೆ ಹೇಳುತ್ತದೆ. ಅಭ್ಯಂಗದ ಸಂಸ್ಕಾರದಲ್ಲಿ ಗುರುವಿನ ಜೊತೆ ಇಡೀ ಸಭೆಯೇ ರೋಗಿಯ ಹಾಸಿಗೆಯ ಬಳಿ ನಿಲ್ಲುತ್ತದೆ.

ಆದ್ದರಿಂದ ಗುರುಮಠದ ತರಬೇತಿಯಲ್ಲಿ ಮೂರು ಶಿಸ್ತುಗಳು ಅಪೇಕ್ಷಣೀಯ. ಅವಸರವಿಲ್ಲದೆ ಆಲಿಸುವುದು; ವೈದ್ಯರು ಮಾಡಬೇಕಾದುದನ್ನು ವೈದ್ಯರಿಗೇ ಬಿಡುವುದು; ಕೇಳಿದ ಗುಟ್ಟನ್ನು ಕಾಪಾಡುವುದು ಮತ್ತು ಅನ್ಯಧರ್ಮೀಯರ ನೋವನ್ನು ಮತಪ್ರಚಾರದ ಸಂದರ್ಭವಾಗಿಸದಿರುವುದು. ಇವುಗಳ ಜೊತೆಗೆ ಪ್ರತಿಯೊಂದು ಧರ್ಮಕೇಂದ್ರವೂ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪತ್ನಿಯನ್ನು ಕಳೆದುಕೊಂಡು ಊಟ ಬಿಟ್ಟ ಒಬ್ಬ ವೃದ್ಧನನ್ನು ನಾಳೆ ಒಬ್ಬ ವೈದ್ಯರು ನಮ್ಮ ಬಾಗಿಲಿಗೆ ಕಳುಹಿಸಿದರೆ, ಅವನನ್ನು ಯಾವ ವಾರ, ಯಾವ ಮನೆಗೆ, ಯಾರ ಪಕ್ಕದಲ್ಲಿ ಕೂರಿಸಲು ಕರೆದೊಯ್ಯುತ್ತೇವೆ? ಉತ್ತರದಲ್ಲಿ ಸಂಘಗಳ ಹೆಸರಿದ್ದರೆ ಸಾಲದು; ಮನುಷ್ಯರ ಹೆಸರುಗಳಿರಬೇಕು.